ಎದ್ದು ಹೋದ ಕಾದಂಬರಿಕಾರ

ಅರವತ್ತು ದಾಟಿದ ಗಂಡಸರಿಗೆ ಒಂದಲ್ಲ ಒಂದು ಕಾಯಿಲೆ ಬರುತ್ತದೆ. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸಕ್ಕರೆ. ನಮ್ಮ ರಸಿಮ್‌ಗೆ ಬಂದದ್ದು ಕಾದಂಬರಿ. ಅದೂ ಯುದ್ಧದ ಕಾದಂಬರಿ.

ಸರಾಯೆವೊದಲ್ಲಿ ಜೀವಮಾನವಿಡೀ ಟ್ರಾಮ್ ಓಡಿಸಿದವನು. ರಿಟೈರ್ ಆದ ಮೇಲೆ ಎಲ್ಲರ ಹಾಗೆ ಪಾರ್ಕಿನಲ್ಲಿ ಚೆಸ್ ಆಡಿಕೊಂಡು ಇರಬಾರದೇ? ಇಲ್ಲ. ಒಂದು ದಿನ ಕಂಕುಳಲ್ಲಿ ಕಾಗದದ ಕಟ್ಟು ಇಟ್ಟುಕೊಂಡು ಬಂದು ನನ್ನ ಬಾಗಿಲು ತಟ್ಟಿದ.

"ಶೆಫಿಕಾ, ನೀನು ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳಲ್ವಾ? ಇದನ್ನ ಟೈಪ್ ಮಾಡಿಕೊಡ್ತೀಯಾ?"

ನಾನು ಟ್ರಾಮ್ ಹತ್ತಿದಾಗಲೆಲ್ಲ ಕನ್ನಡಿಯಲ್ಲಿ ನನ್ನನ್ನು ಕದ್ದು ನೋಡುತ್ತಿದ್ದ ಮನುಷ್ಯ ಇವನು. ನಾನು ತಿರುಗಿ ನೋಡಿದರೆ ಅಡ್ಡ ಯಾರೂ ಇಲ್ಲದಿದ್ದರೂ ಗಂಟೆ ಬಾರಿಸುತ್ತಿದ್ದ. ನನ್ನ ಗಂಡ ಮುನಿರ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು, ನನಗೂ ಹೊತ್ತು ಹೋಗಬೇಕಿತ್ತು. ಆದರೆ ಹೊತ್ತು ಹೋಗಲೆಂದಷ್ಟೇ ಒಪ್ಪಿದೆ ಅಂದರೆ ಸುಳ್ಳಾಗುತ್ತದೆ. ರಸಿಮ್ ನಕ್ಕರೆ ಕಣ್ಣಿನ ಪಕ್ಕ ಸುಕ್ಕು ಬೀಳುತ್ತದಲ್ಲ, ಅದು ನನಗೆ ಇಷ್ಟ. ಏನು ಮಾಡಲಿ?

ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಅವನು ಓದುವುದು, ನಾನು ಟೈಪ್ ಮಾಡುವುದು. ಅವನ ಅಕ್ಷರವೋ, ಕಾಗೆಕಾಲು ಗುಬ್ಬಿಕಾಲು. ಅವನೇ ಓದಿ ಹೇಳದೆ ಗತಿಯಿಲ್ಲ.

"ಇದ್ಯಾರೋ ಇದು, ಹದ್ದಿನ ಕಣ್ಣಿನ ವೀರ?"

"ನಾಯಕ ಕಣೇ."

"ಯುದ್ಧದ ಟೈಮಲ್ಲಿ ನಿನಗೆ ಸದಾ ನೆಗಡಿ. ಮೂಗು ಒರೆಸಿಕೊಂಡೇ ಓಡಾಡ್ತಿದ್ದೆ. ಅದನ್ನ ಯಾಕೆ ಬರ್ದಿಲ್ಲ?"

"ನಾಯಕನಿಗೆ ನೆಗಡಿ ಆಗಲ್ಲ, ಮಾರಾಯ್ತಿ. ನೀನು ಸುಮ್ನೆ ಟೈಪ್ ಮಾಡು."

ಒಂದೇ ರಾತ್ರಿಯಲ್ಲಿ ಎರಡು ಸಲ ಚಂದ್ರನನ್ನು ಹುಟ್ಟಿಸಿದ್ದ. ಒಂದನ್ನು ತೆಗೆದುಹಾಕಿದೆ. ಜಗಳ ಮಾಡಿ ಮುನಿಸಿಕೊಂಡು ಹೋದವನು ಮುಂದಿನ ಶನಿವಾರ ಖೀಮಾ ತುಂಬಿದ ಬಿಸಿಬಿಸಿ ಬುರೆಕ್ ಕಟ್ಟಿಸಿಕೊಂಡು ಬಂದ.

ಎಷ್ಟೋ ಸಲ ಓದುವುದನ್ನು ನಿಲ್ಲಿಸಿ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಅಲ್ಲಿಂದ ಕಣ್ಣು ಮೆಲ್ಲಗೆ ಮೇಲೇರಿ ನನ್ನ ಮುಖದ ಹತ್ತಿರ ಬಂದು ನಿಲ್ಲುತ್ತಿತ್ತು. ಈಗ ಹೇಳಿಯೇಬಿಡುತ್ತಾನೆ ಅಂತ ನಾನು ಉಸಿರು ಬಿಗಿಹಿಡಿದರೆ, "ಅಲ್ಲೊಂದು ಕಾಮಾ ಹಾಕು" ಅನ್ನುತ್ತಿದ್ದ. ಆ ಕಾಮಾವನ್ನು ಅವನ ತಲೆಗೆ ಕುಟ್ಟಬೇಕು ಅನ್ನಿಸುತ್ತಿತ್ತು.

ಹೋದ ಶನಿವಾರ ಕುಣಿಯುತ್ತ ಬಂದ. ಪ್ರಕಾಶಕ ಒಪ್ಪಿದ್ದನಂತೆ. ಸೋಮವಾರ ಪುಸ್ತಕ ಪ್ರೆಸ್ಸಿಗೆ. ಇಷ್ಟು ದಿನ ನನಗೆ ತೋರಿಸದೆ ಇಟ್ಟುಕೊಂಡಿದ್ದ ಒಂದು ಅಧ್ಯಾಯ ಮಾತ್ರ ಬಾಕಿ.

ಗಂಟಲು ಸರಿಮಾಡಿಕೊಂಡು ಓದಿದ. ಊರಿಗೆ ಶತ್ರುಗಳು ಮುತ್ತಿಗೆ ಹಾಕಿದ ಮೊದಲ ಚಳಿಗಾಲ. ಮದುವೆಯಾಗುತ್ತೀಯಾ ಅಂತ ಕೇಳಲು ನಾಯಕ ಹುಡುಗಿಯ ಮನೆಗೆ ಹೋಗುತ್ತಾನೆ. ಅವಳು ಕಣ್ಣೆತ್ತಿಯೂ ನೋಡದೆ ಮೂರನೆಯ ಕಾಫಿ ತಂದು ಮುಂದಿಡುತ್ತಾಳೆ. ಅವನು ಕುಡಿದು, ಮಾತಾಡದೆ ಎದ್ದು, ಮರುದಿನವೇ ಬೆಟ್ಟದ ಮೇಲಿನ ಕಂದಕಕ್ಕೆ ಸೈನಿಕನಾಗಿ ಹೋಗುತ್ತಾನೆ.

ನನ್ನ ಬೆರಳುಗಳು ನಿಂತವು.

ನಮ್ಮಲ್ಲಿ ಮೊದಲ ಕಾಫಿ ಬಂದವರಿಗೆ ಬಾ ಅನ್ನುವುದಕ್ಕೆ, ಎರಡನೆಯದು ಮಾತುಕತೆಗೆ, ಮೂರನೆಯದು ಇನ್ನು ಎದ್ದು ಹೋಗು ಅನ್ನುವುದಕ್ಕೆ. ಬಾಯಿಬಿಟ್ಟು ಹೇಳಿದರೆ ಮರ್ಯಾದೆಯಲ್ಲ, ಅದಕ್ಕೇ ಕಾಫಿ.

"ರಸಿಮ್, ಈ ಹುಡುಗಿ ಯಾರು?"

"ಪಾತ್ರ."

"ಹಸಿರು ಸ್ವೆಟರ್, ಎಡಗೆನ್ನೆಯಲ್ಲಿ ಮಚ್ಚೆ, ಕೋರ್ಟಿನಲ್ಲಿ ಕೆಲಸ. ಪಾತ್ರವಂತೆ ಪಾತ್ರ!"

ಅವನ ಕಿವಿ ಕೆಂಪಾಯಿತು. "ನೀನೇ ತಾನೇ ಕೊಟ್ಟಿದ್ದು? ನಾನು ಬಾಯಿ ತೆಗೆಯೋಕೆ ಮೊದ್ಲೇ ಮೂರನೇ ಕಾಫಿ ತಂದಿಟ್ಟೆ."

ನನಗೆ ಮೈಯೆಲ್ಲ ಉರಿಯಿತು.

"ಅಯ್ಯೋ ಮಂಕೇ! ಮೊದಲೆರಡು ಯಾವುದು ಹೇಳು? ಮಸೂರ ಬೇಳೆ ಹುರಿದು ಕುಟ್ಟಿದ ಪುಡಿ. ಮುತ್ತಿಗೆಯಲ್ಲಿ ಕಾಫಿ ಎಲ್ಲಿತ್ತು, ಊರಿಗೆ ಊರೇ ಅದನ್ನ ಕುಡೀತಿತ್ತು. ಮೂರನೆಯದು ನಿಜವಾದ ಕಾಫಿ ಕಣೋ! ನನ್ನ ಬಂಗಾರದ ಓಲೆ ಕೊಟ್ಟು ಒಂದು ಹಿಡಿ ತಂದಿದ್ದೆ, ನೀನು ಬರ್ತೀಯ ಅಂತ. ಅಮ್ಮ ನೀರಿನ ಕ್ಯೂಗೆ ಹೋಗ್ಲಿ ಅಂತ ಕಾದು ಮಾಡಿದೆ. ನಿನಗೆ ರುಚಿ ಗೊತ್ತಾಗ್ಲಿಲ್ವಾ?"

"ನೆಗಡಿ ಆಗಿತ್ತು," ಅಂದ ಸಣ್ಣ ದನಿಯಲ್ಲಿ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಮತ್ತೆ ಕಣ್ಣೆತ್ತಿ ನೋಡ್ಲಿಲ್ಲ ಯಾಕೆ?" ಅಂತ ಅವನು ಕೇಳಿದ.

"ನಾಚಿಕೆ ಕಣೋ! ನೀನು ಗಟಗಟ ಕುಡಿದು ಎದ್ದು ಹೋದೆ. ಎರಡು ಚಳಿಗಾಲ ಕಾದೆ. ಕಾಲಿಗೆ ಏಟು ಬಿದ್ದು ಬೆಟ್ಟದಿಂದ ಇಳಿದು ಬಂದಿದ್ದೀಯ ಅಂತ ಕೇಳಿ ಬಾಗಿಲು ನೋಡ್ತಾ ಕೂತೆ. ಬಂದ್ಯಾ? ಮುನಿರ್ ಬಂದ. ಬಾಯಿಬಿಟ್ಟು ಕೇಳಿದ."

ಮುನಿರ್ ಒಳ್ಳೆಯವನು, ನನ್ನನ್ನು ಚೆನ್ನಾಗಿ ನೋಡಿಕೊಂಡ. ಆ ಬಗ್ಗೆ ನನಗೆ ಒಂದು ದೂರೂ ಇಲ್ಲ.

ರಸಿಮ್ ಹಾಳೆಗಳನ್ನು ಹಿಂದೆ ಮುಂದೆ ಮಾಡಿದ. "ಇಡೀ ಕಾದಂಬರಿ ಇದರ ಮೇಲೇ ನಿಂತಿದೆ, ಶೆಫಿಕಾ. ಅವಳು ಹೊರಗೆ ಹಾಕಿದ್ಲು ಅಂತಲೇ ಅವನು ಬೆಟ್ಟ ಹತ್ತೋದು. ಹಾಕ್ಲಿಲ್ಲ ಅಂದ್ರೆ..."

"ಅಂದ್ರೆ?"

"ಅವನು ಬರೀ ಪೆದ್ದ ಆಗ್ತಾನೆ."

"ಆಗ್ಲಿ!"

"ಸೋಮವಾರ ಪ್ರೆಸ್ಸಿಗೆ ಹೋಗ್ಬೇಕಲ್ಲೇ."

ಇಷ್ಟೆಲ್ಲ ಕೇಳಿದ ಮೇಲೂ ಪ್ರೆಸ್ಸಿನ ಚಿಂತೆ! ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳುತ್ತಾರಾ?

"ಹೋಗಲಿ ಬಿಡು. ನಾನು ನಿನ್ನ ಓಡಿಸಿದೆ ಅಂತ ಊರಿಗೆಲ್ಲ ಸಾರಿಕೋ. ಆದ್ರೆ ಅದನ್ನ ನನ್ನ ಕೈಯಲ್ಲಿ ಟೈಪ್ ಮಾಡಿಸ್ಬೇಡ."

ಕಂಪ್ಯೂಟರ್ ಆರಿಸಿ ಅವನಿಗೆ ಬೆನ್ನು ಹಾಕಿ ಸಿಂಕಿನ ಮುಂದೆ ನಿಂತೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ. ಕಣ್ಣಿಂದ ನೀರು ಸುರಿಯುತ್ತಿತ್ತು. ಮುಂದೇನು ಅಂತ ನನಗೆ ಗೊತ್ತು. ಹಾಳೆ ಎತ್ತಿಕೊಳ್ಳುತ್ತಾನೆ, ಬೂಟು ಹಾಕಿಕೊಳ್ಳುತ್ತಾನೆ, ಬಾಗಿಲು ಸದ್ದಾಗುತ್ತದೆ. ಎದ್ದು ಹೋಗುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಈ ಸಲ ಹೋದರೆ ಇನ್ನೊಮ್ಮೆ ಕಾಯುವಷ್ಟು ಆಯುಷ್ಯ ನಮ್ಮಿಬ್ಬರಿಗೂ ಇಲ್ಲ. ಆದರೂ ಇರು ಅಂತ ಹೇಳಲು ನನ್ನ ಹಾಳು ನಾಲಿಗೆ ಏಳಲಿಲ್ಲ.

ಕುರ್ಚಿ ಕಿರ್ ಅಂದಿತು. ಬಾಗಿಲಿನ ಸದ್ದಿಗೆ ಕಾದೆ.

ಬಾಗಿಲು ಸದ್ದಾಗಲಿಲ್ಲ. ತಿರುಗಿ ನೋಡಿದರೆ, ಮಹಾರಾಯ ಕುರ್ಚಿಯನ್ನು ಇನ್ನೂ ಒಳಗೆಳೆದುಕೊಂಡು ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು ಕೂತಿದ್ದಾನೆ. ಕನ್ನಡಿಯಿಲ್ಲದೆ ನೇರವಾಗಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣೂ ಒದ್ದೆಯಾಗಿತ್ತು.

"ಪುಸ್ತಕದಲ್ಲಿ ಅವನು ಹೋಗ್ಲಿ, ಶೆಫಿಕಾ. ಆದ್ರೆ ಅವಳು ಕೊಟ್ಟಿದ್ದು ನಿಜವಾದ ಕಾಫಿ ಅಂತ ಬರೀತೀನಿ. ಅವನು ಪೆದ್ದ ಅಂತ್ಲೂ ಬರೀತೀನಿ. ಪ್ರೆಸ್ಸು ಕಾಯ್ಲಿ. ಓದಿದವರೆಲ್ಲ ನನ್ನನ್ನ ಬೈಯ್ಲಿ."

"ಬೈಯ್ದೆ ಬಿಡ್ತಾರಾ?"

"ನಾನು ಮಾತ್ರ ಇವತ್ತು ಏಳಲ್ಲ. ನನ್ನ ಮದುವೆ ಆಗ್ತೀಯಾ?"

ಸೋಪಿನ ಕೈಯಲ್ಲೇ ಹೋಗಿ ಅವನ ಭುಜ ಹಿಡಿದೆ. ಅಂಗಿ ಒದ್ದೆಯಾಯಿತು. ಅವನು ನನ್ನ ಕೈ ಮೇಲೆ ಕೆನ್ನೆ ಇಟ್ಟ.

"ಏಳಬೇಡ," ಅಂದೆ. "ಯಾರು ಏಳು ಅಂದ್ರು? ಅವತ್ತೂ ಯಾರೂ ಅಂದಿರ್ಲಿಲ್ಲ, ಮಾರಾಯಾ."