ಬಿಚ್ಚದ ಸೋಫಾ

“ಗುಬ್ಬಿ, ದೊಡ್ಡತ್ತೆಗೆ ಸೋಫಾ ಬಿಚ್ಚೋದು ತೋರಿಸಿದ್ಯಾ?” ಅಡುಗೆಮನೆಯಿಂದ ಅಮ್ಮ ಕೇಳಿದರು.

“ಹ್ಞೂಂ, ತೋರಿಸ್ದೆ,” ಅಂದಳು ಗುಬ್ಬಿ. ಅದು ಹಸಿ ಸುಳ್ಳು. ಬ್ಯಾಗಿನಿಂದ ಬಟ್ಟೆ ತೆಗೆಯುತ್ತಿದ್ದ ದೊಡ್ಡತ್ತೆ ಒಮ್ಮೆ ತಲೆಯೆತ್ತಿ ನೋಡಿ, ಮತ್ತೆ ಬ್ಯಾಗಿಗೆ ಕೈ ಹಾಕಿದರು.

ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ಬೇರೆ ಊರಿನ ಹೊಲಿಗೆ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಹೊಸ ಮೆಷಿನ್ ಕಲಿಯಲು ಹತ್ತು ದಿನದ ಟ್ರೈನಿಂಗಿಗೆ ಬಂದಿದ್ದರು. ಮನೆಯಲ್ಲಿದ್ದದ್ದು ಒಂದೇ ಕೋಣೆ, ಒಂದು ಹಾಲ್. ನೆಂಟರು ಬಂದರೆ ಹಾಲಿನ ಸೋಫಾವೇ ಮಂಚ.

ಆ ಸೋಫಾಗೋ ವಯಸ್ಸಾಗಿತ್ತು. ಸೀಟು ಎತ್ತಿ, ಎಡ ಮೂಲೆಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು, ಆಮೇಲೆ ಎಳೆಯಬೇಕು. ಗುದ್ದು ಸರಿಯಾಗಿ ಬೀಳದಿದ್ದರೆ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳದು. ಈ ಗುಟ್ಟು ಮನೆಯವರಿಗೆ ಮಾತ್ರ ಗೊತ್ತಿತ್ತು.

ಸೋಫಾ ಬಿಚ್ಚಬೇಕಾದರೆ ಎದುರಿನ ಮೇಜು ಎತ್ತಲೇಬೇಕು. ಮೇಜಿನ ತುಂಬ ಗುಬ್ಬಿಯ ಬೀದಿ ಹರಡಿತ್ತು. ರಟ್ಟಿನ ಹದಿನಾಲ್ಕು ಮನೆ, ಬೆಂಕಿಕಡ್ಡಿಯ ದೀಪದ ಕಂಬ, ಒಂದು ಬಸ್‌ಸ್ಟಾಪು. ಶುಕ್ರವಾರ ಶಾಲೆಗೆ ಒಯ್ಯಬೇಕಾದ ಪ್ರಾಜೆಕ್ಟ್ ಅದು. ಅಂಟು ಇನ್ನೂ ಹಸಿ. ಈಗ ಅಲ್ಲಾಡಿಸಿದರೆ ಮೂರು ವಾರದ ಕೆಲಸ ಹಾಳು.

ಅಪ್ಪ ಮೊದಲ ಬಸ್ಸಿನ ಡ್ರೈವರ್. ಹಾಗಾಗಿ ಎಲ್ಲರೂ ಬೇಗ ಊಟ ಮುಗಿಸಿ ಕೋಣೆ ಸೇರುತ್ತಿದ್ದರು. ಬೆಳಿಗ್ಗೆ ಬಂದು ನೋಡಿದರೆ ಸೋಫಾ ಅಚ್ಚುಕಟ್ಟಾಗಿ ಮಡಿಸಿದ ಹಾಗೆಯೇ ಇರುತ್ತಿತ್ತು. ಅತ್ತಿಗೆ ಎಷ್ಟು ಶಿಸ್ತು, ನಾವು ಏಳೋದರೊಳಗೆ ಹಾಸಿಗೆ ಎತ್ತಿಟ್ಟಿರ್ತಾರೆ ಎಂದು ಅಮ್ಮ ಹೊಗಳಿದ್ದೇ ಹೊಗಳಿದ್ದು.

ಮೂರನೇ ದಿನ ದೊಡ್ಡತ್ತೆ ಕುತ್ತಿಗೆ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸಿ ಮಾತಾಡುತ್ತಿದ್ದರು. ಟ್ರೈನಿಂಗಿನಲ್ಲಿ ದಿನವಿಡೀ ಬಗ್ಗಿ ಕೂತರೆ ಇನ್ನೇನಾಗತ್ತೆ ಎಂದು ಅಮ್ಮ ಮುಲಾಮು ಹಚ್ಚಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗುಬ್ಬಿ ತನ್ನ ಕುತ್ತಿಗೆ ಸವರಿಕೊಂಡಳು. ದೊಡ್ಡತ್ತೆಯದು ಉದ್ದ ಕಾಲು. ಆ ಕುಳ್ಳ ಸೋಫಾದ ಮೇಲೆ ಹೇಗೆ ಮುದುರಿಕೊಂಡಿರಬೇಡ!

ಮರುದಿನ ಸಂಜೆ ಅಮ್ಮ ಅಂಗಡಿಗೆ ಹೋದಾಗ ಗುಬ್ಬಿ ದೊಡ್ಡತ್ತೆಯ ಹತ್ತಿರ ಬಂದು ನಿಂತಳು.

“ದೊಡ್ಡತ್ತೆ, ಸೋಫಾ ಬಿಚ್ಚೋದು ನಾನು ನಿಮಗೆ ತೋರಿಸೇ ಇರ್ಲಿಲ್ಲ. ಬೇಕಂತಲೇ.”

ದೊಡ್ಡತ್ತೆ ಎದ್ದರು. ಸೀಟು ಎತ್ತಿದರು, ಎಡ ಮೂಲೆಗೆ ಮೊಣಕಾಲಿನಿಂದ ಒಂದೇ ಗುದ್ದು ಕೊಟ್ಟು ಎಳೆದರು. ಸೋಫಾ ಹಸುವಿನ ಹಾಗೆ ಸುಮ್ಮನೆ ಮುಂದೆ ಬಂದು, ಮೇಜಿನ ಕಾಲಿಗೆ ಇನ್ನೇನು ತಾಗಬೇಕು ಅನ್ನುವಾಗ ಅವರು ತಡೆದದ್ದಕ್ಕೆ ನಿಂತಿತು. ಗುಬ್ಬಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

“ಇಂಥವಕ್ಕೆ ಕವರ್ ಹೊಲಿದೂ ಹೊಲಿದೂ ನನ್ನ ತಲೆ ಬೆಳ್ಳಗಾಗಿದ್ದು ಮರಿ.”

“ಮತ್ತೆ ಯಾಕೆ ಬಿಚ್ಚಲಿಲ್ಲ?”

“ಮೊದಲ ದಿನ ಬಿಚ್ಚಿದೆ. ಮೇಜಿಗೆ ತಾಗಿ ಆ ಮೂಲೆ ಮನೆ ಬಾಗಿಲು ಬಿದ್ದೇಹೋಯ್ತು. ಹುಡುಕಿ ಅಂಟಿಸ್ದೆ. ಆಮೇಲೆ ಕೈ ಬರ್ಲಿಲ್ಲ.”

ಗುಬ್ಬಿ ಬಗ್ಗಿ ನೋಡಿದಳು. ಮೂಲೆ ಮನೆಯ ಬಾಗಿಲು ಉಳಿದ ಹದಿಮೂರು ಬಾಗಿಲುಗಳಿಗಿಂತ ನೆಟ್ಟಗಿತ್ತು. ತಾನು ಸುಳ್ಳು ಹೇಳಿದ್ದನ್ನು ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದಳು.

“ನೀನೇ ಹೇಳ್ತೀಯ ಅಂದ್ಕೊಂಡೆ. ಹೇಳಿದ್ಯಲ್ಲ.”

ಗುಬ್ಬಿಗೆ ಅಳು ಬಂತು, ಆದರೆ ಅಳುತ್ತ ನಿಲ್ಲಲಿಲ್ಲ. ಬೀದಿ ಅಂಟಿಸಿದ್ದ ಹಲಗೆಯ ಒಂದು ತುದಿ ಹಿಡಿದಳು. “ಆ ಕಡೆ ಹಿಡೀರಿ ದೊಡ್ಡತ್ತೆ.”

“ಕಿತ್ತು ಬಂದ್ರೆ?”

“ಅಂಟಿಸೋಣ.”

ಇಬ್ಬರೂ ಅಡ್ಡಡ್ಡ ಹೆಜ್ಜೆ ಹಾಕುತ್ತ ಬೀದಿಯನ್ನು ಕೋಣೆಗೆ ಸಾಗಿಸಿದರು. ದೀಪದ ಕಂಬವೊಂದು ಬಿತ್ತು. ಗುಬ್ಬಿ ಚಾಪೆ ಹಾಸಿಕೊಳ್ಳುವ ಜಾಗ ಬಿಟ್ಟರೆ ಅದನ್ನಿಡಲು ಬೇರೆ ಜಾಗವಿರಲಿಲ್ಲ. ಅಲ್ಲೇ ಇಟ್ಟರು.

ಅಂಗಡಿಯಿಂದ ಬಂದ ಅಮ್ಮ ಬಾಗಿಲಲ್ಲೇ ನಿಂತರು. ಮೇಜು ಗೋಡೆಗೆ ಒರಗಿತ್ತು. ಸೋಫಾ ಪೂರ್ತಿ ಬಿಚ್ಚಿಕೊಂಡಿತ್ತು. ದೊಡ್ಡತ್ತೆ ಕಾಲು ನೀಡಿ ಮಲಗಿದ್ದರು. ಗುಬ್ಬಿ ತನ್ನ ದಿಂಬು ತಂದು, ಅವರ ದಿಂಬಿಗೆ ತಾಗದ ಹಾಗೆ, ಆದಷ್ಟು ಅಂಚಿಗೆ ಸರಿಸಿ ಇಡುತ್ತಿದ್ದಳು.