ಕೆಸರಿನೊಳಗಿನ ಹೆದ್ದಾರಿ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕರಬಸಪ್ಪನವರು ಒಂದು ರಸ್ತೆಯನ್ನು ಹುಡುಕಿಕೊಡಬೇಕಿತ್ತು. ಸಣ್ಣಪುಟ್ಟ ರಸ್ತೆಯಲ್ಲ, ಒಂಬತ್ತು ಮೈಲಿ ಉದ್ದದ ಹೆದ್ದಾರಿ. 1925ರಲ್ಲಿ ರಾಜ್ಯ ಸರ್ಕಾರವೇ ಅಚ್ಚು ಹಾಕಿಸಿ, ಹೊಸದಾಗಿ ಕಾರು ಕೊಂಡವರಿಗೆಲ್ಲ ಪುಕ್ಕಟೆ ಹಂಚಿದ ನಕಾಶೆಯಲ್ಲಿ ಅದು ಬೇರ್‌ಪಾ ಎಂಬ ಜೌಗುಕಾಡಿನ ನಡುವೆ ಠೀವಿಯಿಂದ ಹಾದುಹೋಗಿತ್ತು. ಮೂರು ವರ್ಷದ ನಂತರ ಬಂದ ನಕಾಶೆಯಲ್ಲಿ ಅದರ ಸುಳಿವೇ ಇರಲಿಲ್ಲ. ಒಂಬತ್ತು ಮೈಲಿ ರಸ್ತೆ ಕಳೆದುಹೋದರೂ ಯಾರೂ ದೂರು ಕೊಟ್ಟಿರಲಿಲ್ಲ.

ದೂರು ಕೊಟ್ಟವರು ಒಬ್ಬರೇ, ಮಿಸ್ ಅರ್ಲೀನ್. ಅಮೆರಿಕದ ರಾಲಿ ನಗರದಲ್ಲಿ ಕರಬಸಪ್ಪನವರ ಪಕ್ಕದ ಮನೆಯ ಈ ಅಜ್ಜಿಗೆ ತೊಂಬತ್ತಾರು ವರ್ಷ. ಆ ರಸ್ತೆಯನ್ನು ಹಾಸಿದ್ದು ಅವರ ಅಪ್ಪ ಜೋನಾಸ್ ಮತ್ತು ಅವನ ತಂಡ. ಕಪ್ಪು ಕೂಲಿಗಳ ಹೆಸರು ಬರೆದಿಡುವ ಪದ್ಧತಿ ಆಗ ಇರಲಿಲ್ಲ. ಈಗ ಜೌಗಿನ ಅಂಚಿನಲ್ಲಿ ಅಪ್ಪನ ಹೆಸರಿನ ಫಲಕ ಹಾಕಿಸಬೇಕೆಂದು ಅಜ್ಜಿ ಅರ್ಜಿ ಹಾಕಿದ್ದರು. ಫಲಕ ಸಮಿತಿಯ ಅಧ್ಯಕ್ಷರು ಮಾತ್ರ ಒಪ್ಪಲಿಲ್ಲ. "ಆ ಕಾಲದ ನಕಾಶೆಯಲ್ಲಿ ಆಗಿದ್ದ ರಸ್ತೆಯೂ ಇರುತ್ತಿತ್ತು, ಆಗಬೇಕೆಂದು ಆಸೆಪಟ್ಟ ರಸ್ತೆಯೂ ಇರುತ್ತಿತ್ತು. ಇದು ಆಸೆಯ ರಸ್ತೆ. ಆಗಿತ್ತು ಅನ್ನುವುದಕ್ಕೆ ಸೋಮವಾರದ ಸಭೆಯೊಳಗೆ ನೆಲದ ಮೇಲೆ ಗುರುತು ತೋರಿಸಿ" ಎಂದರು.

ತೋರಿಸುತ್ತೇನೆಂದು ಮಾತು ಕೊಟ್ಟವರು ಕರಬಸಪ್ಪನವರು. ಊರಲ್ಲಿ ಹದಿನೈದು ವರ್ಷ, ಇಲ್ಲಿ ಇಪ್ಪತ್ತು ವರ್ಷ ರಸ್ತೆ ಎಂಜಿನಿಯರಾಗಿ ದುಡಿದು ನಿವೃತ್ತರಾದವರು. ಈಗ ಹಳೆಯ ನಕಾಶೆ ಕೂಡಿಡುವುದೇ ಅವರ ಕೆಲಸ, ಅದರ ಧೂಳು ಒರೆಸುವುದು ಹೆಂಡತಿ ರೇಣುಕಾದೇವಿಯ ಕೆಲಸ.

ಶುಕ್ರವಾರ ಸಂಜೆ ಕರಬಸಪ್ಪನವರು ನಕಾಶೆಯ ಬಣ್ಣದ ನಕಲನ್ನು ಊಟದ ಮೇಜಿನ ಮೇಲೆ ಹರಡಿದರು. ಮೂಲ ಪ್ರತಿ ಗೋಡೆಯ ಮೇಲೆ ಗಾಜಿನೊಳಗಿತ್ತು. ಇದು ಪ್ರಯಾಣಕ್ಕೆಂದು ಲ್ಯಾಮಿನೇಷನ್ ಮಾಡಿಸಿಕೊಂಡು ಬಂದದ್ದು.

"ಎರಡು ವರ್ಷದಿಂದ ನೋಡಾಕತ್ತೀನಿ, ಇವತ್ತು ಕಣ್ಣಿಗೆ ಬಿತ್ತು" ಎಂದು ಗೆರೆಯ ಪಕ್ಕದ ಕೆಂಪು ಚುಕ್ಕಿಯ ಮೇಲೆ ಬೆರಳಿಟ್ಟರು. "ಕೆಂಪು ಚುಕ್ಕಿ ಅಂದ್ರ ದೋಣಿಕಟ್ಟಿ. ಅಲ್ಲಿ ಕಂಬನಾದ್ರೂ ಉಳದಿರಬೇಕು."

"ಅಂಕಲ್, ಪಕ್ಕದಲ್ಲಿ ಉಬ್ಬು ಕೂಡ ಇದೆ! ಗುಡ್ಡ ಅದು. ಹಂಡ್ರೆಡ್ ಇಯರ್ಸ್ ಹಿಂದೇನೇ ತ್ರೀ-ಡಿ ಪ್ರಿಂಟ್ ಮಾಡಿದಾರೆ!" ಎಂದ ಬದರಿನಾಥ.

ಬದರಿನಾಥ ಷಾರ್ಲೆಟ್ ನಗರದ ಬ್ಯಾಲಂಟೈನ್ ಬಡಾವಣೆಯಲ್ಲಿ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವ ಬೆಂಗಳೂರಿನ ಹುಡುಗ. ಹುಡುಗ ಎಂದರೆ ನಲವತ್ತು ವರ್ಷ, ಎಂಬತ್ತೆಂಟು ಕಿಲೋ. ರೇಣುಕಾದೇವಿಯ ರೊಟ್ಟಿಯ ಆಸೆಗೆ ಬಂದವನು ತಂಡದ ನಾವಿಕನಾಗಿಬಿಟ್ಟಿದ್ದ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೂವರೂ ಬಾಡಿಗೆ ದೋಣಿಯಲ್ಲಿ ಜೌಗಿಗೆ ಇಳಿದರು.

ಬೇರ್‌ಪಾದಲ್ಲಿ ನೀರು ಚಹಾದ ಡಿಕಾಕ್ಷನ್‌ನಂತೆ ಕಪ್ಪಗಿತ್ತು. ಅದರೊಳಗಿಂದ ಸೈಪ್ರಸ್ ಮರಗಳು ಬುಡ ಅಗಲಿಸಿಕೊಂಡು ಎದ್ದಿದ್ದವು. ಸುತ್ತಲೂ ಅವುಗಳ ಬೇರುಗಳು ಮೊಣಕಾಲೆತ್ತರಕ್ಕೆ ನೀರಿನ ಮೇಲೆ ತಲೆ ಎತ್ತಿದ್ದವು. ಕೊಂಬೆಗಳಿಂದ ಬೂದು ಬಣ್ಣದ ಪಾಚಿ ಜಡೆಜಡೆಯಾಗಿ ಇಳಿಬಿದ್ದಿತ್ತು. ಅಕ್ಟೋಬರ್ ಬಿಸಿಲು ಎಲೆಗಳ ನಡುವೆ ಸೋಸಿ ಬರುತ್ತಿತ್ತು. ದಿಕ್ಕು ಎಂಬುದೇ ಅಲ್ಲಿರಲಿಲ್ಲ. ಎತ್ತ ನೋಡಿದರೂ ಅದೇ ಮರ, ಅದೇ ನೀರು. ನಿಜಕ್ಕೂ ಚೆಲುವಾದ ಜಾಗ, ಸೊಳ್ಳೆಗಳಿಗೂ ಹಾಗೇ ಅನ್ನಿಸಿತ್ತು.

"ಸಿಗ್ನಲ್ ಹೋಯ್ತು" ಎಂದ ಬದರಿನಾಥ. ಹೇಳುವ ರೀತಿಯಲ್ಲಿ ಪ್ರಾಣವೇ ಹೋದಂತಿತ್ತು.

"ಹೋಗಲಿ ಬಿಡ ತಮ್ಮಾ. ನಕಾಶಿ ಅದ, ದಿಕ್ಸೂಚಿ ಅದ."

"ಅಲಿಗೇಟರ್ ಕೂಡ ಇದೆಯಂತೆ ಅಂಕಲ್. ಬೋಟ್ ಕೊಟ್ಟೋನು ಈಗ್ತಾನೆ ಹೇಳ್ದ."

"ಹೊಟ್ಟಿ ತುಂಬಿದ್ರ ಏನೂ ಮಾಡಂಗಿಲ್ಲ."

"ಅದರ ಹೊಟ್ಟೆ ತುಂಬಿದ್ಯಾ ಅಂತ ಯಾರು ಚೆಕ್ ಮಾಡ್ತಾರೆ?"

ಮೂರು ಗಂಟೆ ಹುಟ್ಟು ಹಾಕಿ ಕೆಂಪು ಚುಕ್ಕಿಯ ಜಾಗ ತಲುಪಿದರು. ಅಲ್ಲಿ ದೋಣಿಕಟ್ಟೆ ಇರಲಿಲ್ಲ. ಕಂಬವಿರಲಿಲ್ಲ. ಗುಡ್ಡವಂತೂ ಇರಲೇ ಇಲ್ಲ, ನೀರು ತಟ್ಟೆಯಂತೆ ಸಪಾಟಾಗಿತ್ತು. ಕರಬಸಪ್ಪನವರು ಎರಡು ಸಲ ದಿಕ್ಸೂಚಿ ನೋಡಿದರು, ಒಂದು ಸಲ ಆಕಾಶ ನೋಡಿದರು. ಅವರ ಮುಖ ಸಣ್ಣದಾಯಿತು.

ರೇಣುಕಾದೇವಿ ನಕಾಶೆ ತೆಗೆದುಕೊಂಡು ಗುಡ್ಡದ ಮೇಲೆ ಬೆರಳಾಡಿಸಿದರು. ಆಮೇಲೆ ಕನ್ನಡಕ ಏರಿಸಿ ಹತ್ತಿರದಿಂದ ನೋಡಿದರು.

"ರೀ, ಇದು ಗುಡ್ಡ ಅಲ್ಲ. ಅಕ್ಷತಿ ಕಾಳು."

"ಏನು?"

"ಖಂಡೇಪೂಜಿ ದಿನ ನಾನ ಹಾಕಿದ್ದು. ಕಾರಿಗೆ ಕುಂಕುಮ ಹಚ್ಚಿದೆ, ಡ್ರಿಲ್ಲಿಗೆ ಹಚ್ಚಿದೆ, ಅಳತಿ ಟೇಪಿಗೆ ಹಚ್ಚಿದೆ, ನಿಮ್ಮ ನಕಾಶಿಗೂ ಹಚ್ಚಿದೆ. ನೀವೂ ಕೈ ಮುಗದ್ರಿ. ಮರುದಿನ ಒರಸದ ಹಂಗ ಲ್ಯಾಮಿನೇಷನ್ ಮಾಡಿಸ್ಕೊಂಡು ಬಂದೀರಿ."

ಕರಬಸಪ್ಪನವರು ಲ್ಯಾಮಿನೇಷನ್ ಮೇಲೆಯೇ ಕೆಂಪು ಚುಕ್ಕಿಯನ್ನು ಉಗುರಿನಿಂದ ಕೆರೆದು ನೋಡಿದರು.

"ಅಂದ್ರೆ ನಾವು ತ್ರೀ ಅವರ್ಸ್ ಹುಟ್ಟು ಹಾಕಿದ್ದು ಕುಂಕುಮಕ್ಕಾ?" ಎಂದ ಬದರಿನಾಥ.

ರೇಣುಕಾದೇವಿ ಡಬ್ಬಿ ತೆಗೆದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಂಚಿದರು. ಹಸಿದ ಹೊಟ್ಟೆಯಲ್ಲಿ ಬೈದಾಡಿದರೆ ದಕ್ಕುವುದಿಲ್ಲ ಎಂಬುದು ಅವರ ನಂಬಿಕೆ.

ಕರಬಸಪ್ಪನವರು ತಮ್ಮ ರೊಟ್ಟಿಯನ್ನು ಪಕ್ಕಕ್ಕಿಟ್ಟರು. ಬರಿಗೈಲಿ ಹೋಗಿ ಆ ಅಜ್ಜಿಯ ಮುಂದೆ ನಿಲ್ಲುವುದನ್ನು ನೆನೆದೇ ಅವರಿಗೆ ನಾಚಿಕೆಯಾಯಿತು. ನಕಾಶೆಯನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಚುಕ್ಕಿ ಬಿಟ್ಟು ಗೆರೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ತಮ್ಮಾ, ಈ ಗೆರಿ ಇಲ್ಲಿ ಯಾಕ ಸೊಟ್ಟ ಆಗೇದ?"

"ಪ್ರಿಂಟಿಂಗ್ ಮಿಸ್ಟೇಕ್ ಇರ್ಬೇಕು ಅಂಕಲ್."

"ಅಲ್ಲ. ನಾ ಊರಾಗ ಇದ್ದಾಗ ಎಷ್ಟೋ ರಸ್ತೆ ಕಾಗದದಾಗ ಮಾಡೀನಿ, ನೆಲದಾಗ ಮಾಡಿಲ್ಲ. ಮ್ಯಾಲಿನವರು ಎಳಿ ಅಂದ್ರು, ಎಳದೆ. ಅವೆಲ್ಲಾ ನೆಟ್ಟಗ ಇರ್ತಿದ್ವು. ಪಟ್ಟಿ ಇಟ್ಟು ಒಂದ ಏಟಿಗೆ ಎಳಿಯೂದು, ಕಾಗದದಾಗ ಕಾಲಿಗೆ ಏನು ಅಡ್ಡ ಬರ್ತದ? ಸೊಟ್ಟ ಎಳದಾರ ಅಂದ್ರ ಯಾರೋ ಇಲ್ಲಿ ನಡದಾರ. ಮುಂದ ಮಡು ಇತ್ತು, ಬಳಸ್ಯಾರ!"

ಅವರ ದನಿ ಏರಿತು. "ಹುಟ್ಟು ಹಾಕ್ರಿ! ಆ ಮಡು ಹುಡುಕೂಣು!"

ಉತ್ತರಕ್ಕೆ ಅರ್ಧ ಮೈಲಿ ಹೋಗುವಷ್ಟರಲ್ಲಿ ಮರಗಳು ಸರಿದು, ಮಸಿ ಕಪ್ಪಿನ ಮಡುವೊಂದು ಕಾಣಿಸಿತು. ನಕಾಶೆಯ ಗೆರೆ ಬಳಸಿದ್ದು ಅದನ್ನೇ. ಮಡುವಿನ ಬಲಕ್ಕೆ ಕೆಸರು, ಹುಲ್ಲು, ಒಂದು ಕೊರಡು.

ಕೊರಡು ಕಣ್ಣು ತೆರೆಯಿತು.

"ಅಂಕಲ್..."

"ಅಲುಗಾಡಬ್ಯಾಡ."

ಅಲುಗಾಡದಿರುವುದು ಬದರಿನಾಥನ ಜಾತಕದಲ್ಲಿರಲಿಲ್ಲ. ಅವನು ಎದ್ದು ನಿಂತ.

ದೋಣಿ ಎಡಕ್ಕೆ ವಾಲಿತು. ಬಲಕ್ಕೆ ವಾಲಿತು. ಅವನ ಫೋನು ಮೊದಲು ಬಿತ್ತು, ಹಿಂದೆಯೇ ಅವನು ಬಿದ್ದ.

ಕೆಸರು ಅವನನ್ನು ಮೊಣಕಾಲವರೆಗೆ ಎಳೆಯಿತು. ತೊಡೆಯವರೆಗೆ ಎಳೆಯಿತು.

"ಆಂಟೀ! ಆಂಟೀ!"

ರೇಣುಕಾದೇವಿ ಹುಟ್ಟನ್ನು ಚಾಚಿದರು. ಕರಬಸಪ್ಪನವರು ಮೊಸಳೆಯ ಜಾತಿಯ ಆ ಪ್ರಾಣಿಯ ಕಡೆಗೆ ನಕಾಶೆ ಬೀಸಿದರು. ಅದು ಒಂದು ಗಳಿಗೆ ನೋಡಿತು, ಇವರ ಗದ್ದಲ ತನಗೆ ಸಾಕೆಂಬಂತೆ ತಿರುಗಿ ಮಡುವಿನೊಳಗೆ ಇಳಿದುಹೋಯಿತು.

ಬದರಿನಾಥ ಸೊಂಟದವರೆಗೆ ಮುಳುಗಿದ್ದ. ಆಮೇಲೆ ಮುಳುಗಲಿಲ್ಲ.

"ಹುಟ್ಟು ಹಿಡಕೋ!" ಎಂದರು ಕರಬಸಪ್ಪನವರು.

"ಒಂದ್ನಿಮಿಷ ಅಂಕಲ್. ನಾನು ನಿಂತಿದೀನಿ."

"ಎದರ ಮ್ಯಾಲ?"

ಅವನು ಒಂದು ಕಾಲು ಮುಂದಿಟ್ಟ. ಇನ್ನೊಂದು ಕಾಲಿಟ್ಟ. ಕೆಸರು ಮೆತ್ತಿದ ಅವನ ಮುಖ ಅಗಲವಾಯಿತು. "ಗೊತ್ತಿಲ್ಲ. ಆದ್ರೆ ಗಟ್ಟಿ ಇದೆ. ದಿಮ್ಮಿ, ಪಕ್ಕದಲ್ಲಿ ದಿಮ್ಮಿ, ಅದರ ಪಕ್ಕದಲ್ಲಿ ಇನ್ನೊಂದು ದಿಮ್ಮಿ!"

ಅರವತ್ತೇಳು ವರ್ಷದ ಕರಬಸಪ್ಪನವರು ಬೂಟಿನ ಸಮೇತ ನೀರಿಗೆ ಧುಮುಕಿದರು. ಬಗ್ಗಿ, ಗಲ್ಲದವರೆಗೆ ನೀರಿನಲ್ಲಿಳಿದು, ಕೈಯಿಂದ ತಡವಿದರು. ದಿಮ್ಮಿಗಳ ತುದಿ ಮುರಿದದ್ದಲ್ಲ, ಗರಗಸದಿಂದ ಕೊಯ್ದದ್ದು. ಒಂದರ ಪಕ್ಕ ಒಂದು, ಬೆರಳು ತೂರದಂತೆ ಜೋಡಿಸಿದ್ದು. ಆ ಕಾಲದಲ್ಲಿ ಜೌಗಿನಲ್ಲಿ ರಸ್ತೆ ಹಾಸುತ್ತಿದ್ದುದೇ ಹಾಗೆ. ನೂರು ವರ್ಷ ಕೆಸರಿನೊಳಗಿದ್ದೂ ಕೊಳೆತಿರಲಿಲ್ಲ. ಟೇಪು ಹಿಡಿದರು, ಅಗಲ ಒಂಬತ್ತು ಅಡಿ. ಹತ್ತು ಹೆಜ್ಜೆ ಮುಂದೆ ಹೋಗಿ ಹಿಡಿದರು, ಒಂಬತ್ತು ಅಡಿ. ಅಂಚಿನಲ್ಲಿ ನೀರು ಕಡಿಮೆಯಿದ್ದ ಕಡೆ ರೇಣುಕಾದೇವಿ ಊಟದ ತಟ್ಟೆಯಿಂದ ಕೆಸರು ತೋಡಿ ದಿಮ್ಮಿಗಳ ತುದಿಯನ್ನು ಬಿಸಿಲಿಗೆ ತೆರೆದರು. ರೊಟ್ಟಿ ಡಬ್ಬಿಯಲ್ಲಿ ಭದ್ರವಾಗಿದ್ದ ತಮ್ಮ ಫೋನಿನಿಂದ ಎಲ್ಲವನ್ನೂ ವಿಡಿಯೋ ಮಾಡಿದರು.

"ಸರಿಯಾಗಿ ನಿಲ್ಲೋ ಬದ್ರಿ. ಅಳತಿಗೆ ಮನಶ್ಯಾ ಬೇಕು" ಎಂದರು ರೇಣುಕಾದೇವಿ.

ಮರಳುವ ದಾರಿ ಬಂದದ್ದಕ್ಕಿಂತ ಎರಡರಷ್ಟಾಯಿತು. ಒಂದು ಹುಟ್ಟು ಮುರಿಯಿತು, ಇನ್ನೊಂದನ್ನು ಮೂವರೂ ಸರದಿಯಲ್ಲಿ ಹಾಕಿದರು. ಸಂಜೆ ದಡ ಮುಟ್ಟಿದಾಗ ದೋಣಿಯ ಮಾಲೀಕ ಇವರನ್ನು ಗುರುತಿಸಲೇ ಇಲ್ಲ.

ಸೋಮವಾರ ಸಮಿತಿಯ ಐವರು ವಿಡಿಯೋ ನೋಡಿದರು. ಕರಬಸಪ್ಪನವರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಅಳತೆ, ಕೊಯ್ದ ತುದಿ, ಮಡುವನ್ನು ಬಳಸಿದ ತಿರುವು ಎಲ್ಲವನ್ನೂ ನಕಾಶೆಯ ಮೇಲೆ ತೋರಿಸಿದರು. "ಕೆಂಪು ಚುಕ್ಕಿ ಏನು?" ಎಂದು ಅಧ್ಯಕ್ಷರು ಕೇಳಿದರು. "ಅದು ನಮ್ಮ ಮನೆಯದು" ಎಂದು ಚುಟುಕಾಗಿ ಹೇಳಿ ಮುಂದುವರಿದರು. ಮೊದಲು ನಾಲ್ಕು ಕೈ ಎದ್ದವು. ಕೊನೆಗೆ ಅಧ್ಯಕ್ಷರ ಕೈಯೂ ಎದ್ದಿತು.

ಗಾಲಿಕುರ್ಚಿಯಲ್ಲಿದ್ದ ಮಿಸ್ ಅರ್ಲೀನ್ ಕೈಗಳ ಕಡೆ ನೋಡಲೇ ಇಲ್ಲ. ಬದರಿನಾಥನನ್ನು ಹತ್ತಿರ ಕರೆದರು.

"ಮಗು, ಅದು ನಿನ್ನ ಭಾರ ತಡೆಯಿತೇ?"

"ಎಂಬತ್ತೆಂಟು ಕಿಲೋ, ಮೇಡಂ. ಅಲುಗಾಡಲೇ ಇಲ್ಲ."

"ಎಂಬತ್ತು ವರ್ಷದಿಂದ ಜನ ನನ್ನನ್ನು ಸುಳ್ಳಿ ಅಂದರು" ಎಂದರು ಅಜ್ಜಿ. ಅವರ ಕಣ್ಣು ತುಂಬಿ ಹರಿಯಿತು. "ನನ್ನಪ್ಪ ಕೆಲಸ ಸರಿಯಾಗಿ ಮಾಡಿದ್ದ."

ಕರಬಸಪ್ಪನವರು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ತಾವು ನೆಟ್ಟಗೆ ಎಳೆದ ಗೆರೆಗಳೆಲ್ಲ ಅವರಿಗೆ ನೆನಪಾದವು.

ಬದರಿನಾಥ ಬಗ್ಗಿ ಅಜ್ಜಿಯ ಎರಡೂ ಪಾದ ಮುಟ್ಟಿದ.

"ಅಯ್ಯೋ, ಏನು ಬೀಳಿಸಿಕೊಂಡೆಯಪ್ಪಾ?" ಎಂದು ಮಿಸ್ ಅರ್ಲೀನ್ ತಾವೂ ಬಗ್ಗಿ ನೆಲದಲ್ಲಿ ಹುಡುಕತೊಡಗಿದರು.