ಹಿಂದಿನ ಚಕ್ರ ನೆಟ್ಟಗಿತ್ತು

"ಅಕ್ಕ ಬಿದ್ದಿದ್ದಲ್ಲ ಮೇಡಂ, ಅಕ್ಕನ್ನ ಬೀಳಿಸಿದ್ದು! ನಾಲ್ಕು ಬೋಲ್ಟೂ ಬೆರಳಲ್ಲೇ ತಿರುಗ್ತಿದೆ, ಬೇಕಾದ್ರೆ ನೀವೇ ಬಂದು ತಿರುಗಿಸಿ ನೋಡಿ!"

"ಯಾವ ಬೋಲ್ಟು, ಯಾವ ಅಕ್ಕ? ಮೊದಲು ಕೂತ್ಕೊಳಮ್ಮ" ಎಂದರು ಇನ್ಸ್‌ಪೆಕ್ಟರ್ ಮೇಡಂ.

ಹುಡುಗಿ ಕೂರಲಿಲ್ಲ. ಭಾನುವಾರ, ಬೆಳಿಗ್ಗೆ 11.40. ಅವಳ ಬಲಗೈ ಬೆರಳುಗಳಲ್ಲಿ ಕಪ್ಪು ಗ್ರೀಸು, ಎಡಗೈಯಲ್ಲಿ ಆಸ್ಪತ್ರೆಯ ಚೀಟಿ.

"ಸೈಕಲ್ ಬೋಲ್ಟು ಮೇಡಂ. ಅಕ್ಕನ ರೋಡ್ ಬೈಕು."

"ಸೈಕಲ್ಲೋ ಬೈಕೋ, ಒಂದು ಹೇಳಮ್ಮ. ಬರೀಬೇಕಲ್ಲ" ಎಂದರು ದಫೇದಾರರು ಪೆನ್ನು ಎತ್ತಿ ಹಿಡಿದು.

"ಸೈಕಲ್ಲೇ ಅಂಕಲ್. ಸಣ್ಣ ಟೈರು, ಟಗರಿನ ಕೊಂಬಿನ ಥರ ಬಗ್ಗಿದ ಹ್ಯಾಂಡಲ್ಲು."

"ಓ, ರಸ್ತೇಲಿ ಏನೋ ಬೀಳಿಸ್ಕೊಂಡು ಹುಡುಕೋರ ಥರ ಬಗ್ಗಿ ಹೋಗ್ತಾರಲ್ಲ, ಅದು."

ಯಾರೂ ನಗಲಿಲ್ಲ. ದಫೇದಾರರು ತಲೆ ತಗ್ಗಿಸಿ ಬರೆಯತೊಡಗಿದರು.

ದೂರಿನ ಸಾರಾಂಶ ಇಷ್ಟು. ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ವಯಸ್ಸು ಇಪ್ಪತ್ತೇಳು. ಅಂದು ರಜೆ. ಆದರೂ 6.10ಕ್ಕೆ ಲ್ಯಾಬಿನಿಂದ ಫೋನ್ ಬಂದಿದೆ: ಹೆರಿಗೆಯ ಕೇಸು, ರಕ್ತ ಹೊಂದಿಸಬೇಕು, ಕೂಡಲೇ ಬಾ. ಸೈಕಲ್ ಹತ್ತಿ ಹೊರಟವಳು 6.25ಕ್ಕೆ ನೀರಿನ ಟ್ಯಾಂಕಿನ ಕೆಳಗಿನ ಇಳಿಜಾರಿನಲ್ಲಿ, ತಿರುವಿನಲ್ಲಿ ಬ್ರೇಕ್ ಹಿಡಿದಾಗ ಹ್ಯಾಂಡಲ್ ಮುಂದಕ್ಕೆ ಉರುಳಿ ಬಿದ್ದಿದ್ದಾಳೆ. ಗಲ್ಲಕ್ಕೆ ಆರು ಹೊಲಿಗೆ. ಬಲ ಮಣಿಕಟ್ಟು ಎರಡು ಕಡೆ ಮುರಿದಿದೆ. ಒಳಗೆ ನರಕ್ಕೂ ಪೆಟ್ಟಾಗಿದೆ. ಸಂಚಾರಿ ಪೊಲೀಸರು 'ಚಾಲಕಿಯ ಸ್ವಂತ ಅಜಾಗರೂಕತೆ' ಎಂದು ಬರೆದು ಸೈಕಲ್ಲನ್ನು ಹೊರಠಾಣೆಯ ಗೋಡೆಗೆ ಒರಗಿಸಿದ್ದರು. ಅದನ್ನು ತರಲು ಹೋದ ತಂಗಿ ಬೋಲ್ಟು ಮುಟ್ಟಿ ನೋಡಿದ್ದಾಳೆ.

"ಅಕ್ಕ ಪ್ರತಿ ಭಾನುವಾರ ಎಂಟಕ್ಕೆ ನಮ್ಮ ಬಿಲ್ಡಿಂಗ್ ಅಂಗಳದಲ್ಲಿ ಪುಕ್ಕಟೆ ಕ್ಲಾಸ್ ಮಾಡ್ತಾಳೆ ಮೇಡಂ. ಕಡಿಮೆ ದುಡ್ಡಲ್ಲಿ ರೋಡ್ ಬೈಕ್ ಹೇಗ್ ತಗೋಬೇಕು, ಹೇಗ್ ಇಟ್ಕೋಬೇಕು ಅಂತ. ಈಗ ಎಲ್ರೂ ಏನಂತಿದಾರೆ ಗೊತ್ತಾ? ತನ್ನ ಸೈಕಲ್ಲೇ ನೋಡ್ಕೊಳ್ಳೋಕೆ ಬರದವಳು ಊರಿಗೆ ಪಾಠ ಹೇಳ್ತಿದ್ಲು ಅಂತ." ಅಷ್ಟು ಹೊತ್ತಿನ ಮೇಲೆ ಹುಡುಗಿ ಕುರ್ಚಿಯಲ್ಲಿ ಕುಸಿದಳು. "ಸೂಜಿ ಹಿಡಿಯೋ ಕೈ ಅದು. ಬೆರಳು ಆಡ್ಲಿಲ್ಲ ಅಂದ್ರೆ ಕೆಲಸಾನೂ ಹೋಯ್ತು."

12.15ಕ್ಕೆ ಎಫ್‌ಐಆರ್ ದಾಖಲಾಯಿತು.

1.00 ಗಂಟೆಗೆ ಹೊರಠಾಣೆಯಲ್ಲಿ ಪಂಚನಾಮೆ. ಪಂಚರು ಇಬ್ಬರು: ಎದುರಿನ ಸ್ಟೇಷನರಿ ಅಂಗಡಿಯವರು ಮತ್ತು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಕಂಡಕ್ಟರ್. ದಫೇದಾರರು ಹಳೇ ಸೈಕಲ್ ಸವಾರರು. ಮಂಡಿ ನೋವೆಂದು ಬಿಟ್ಟು ಆರು ವರ್ಷವಾಗಿತ್ತು. ಹೇಳುತ್ತಾ ಬರೆದರು: ಮುಂದಿನ ಚಕ್ರ ಎಂಟು ಅಂಕಿಯ ಹಾಗೆ ತಿರುಚಿದೆ. ಹ್ಯಾಂಡಲನ್ನು ಹಿಡಿದಿಡುವ ನಾಲ್ಕು ಬೋಲ್ಟುಗಳೂ ಸಡಿಲ. ಬೋಲ್ಟು ಮುರಿದಿಲ್ಲ, ಎಳೆ ಸವೆದಿಲ್ಲ. ಕೊನೆಗೆ ಹಿಂದಿನ ಚಕ್ರವನ್ನು ಎತ್ತಿ ಒಮ್ಮೆ ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

"ಆಹಾ, ಬೆಣ್ಣೆ" ಎಂದು ಬರೆದರು: ಹಿಂದಿನ ಚಕ್ರ ನೆಟ್ಟಗಿದೆ, ಕಡ್ಡಿಗಳು ಪೂರ್ತಿ ಇವೆ.

ಬೋಲ್ಟುಗಳು ತಾವಾಗಿ ಸಡಿಲವಾಗಬಹುದೇ? ಬಲ್ಲವರ ಅಭಿಪ್ರಾಯ ಬೇಕಿತ್ತು. ಊರಿನಲ್ಲಿ ಇಂಥ ಸೈಕಲ್ ಬಲ್ಲವರು ಒಬ್ಬರೇ. ಮೇಲ್ಸೇತುವೆಯ ಕೆಳಗೆ ನಲವತ್ತು ವರ್ಷದಿಂದ ಅಂಗಡಿ ಇಟ್ಟವರು, ಹಳೇ ರೋಡ್ ಬೈಕುಗಳನ್ನು ಕೊಂಡು ಸರಿಮಾಡಿ ಮಾರುವವರು. ಚಕ್ರದ ಕಡ್ಡಿಗಳನ್ನು ಕೈಯಲ್ಲೇ ಕತ್ತರಿಸಿ, ತುದಿ ಬಗ್ಗಿಸಿ ಮಾಡಿಕೊಳ್ಳುತ್ತಿದ್ದರಿಂದ ಎಲ್ಲರ ಬಾಯಲ್ಲೂ ಕಡ್ಡಿ ಮಾಮ. ಮಾತೂ ಕಡ್ಡಿ ಮುರಿದ ಹಾಗೆ.

"ಅಕ್ಕನಿಗೆ ಎಲ್ಲಾ ಕಲಿಸಿದ್ದೇ ಮಾಮ" ಎಂದಳು ತಂಗಿ.

3.00ಕ್ಕೆ ಕಡ್ಡಿ ಮಾಮ ಬಂದರು. ಬೋಲ್ಟುಗಳ ಹತ್ತಿರ ಮೂಗು ತಾಗುವಷ್ಟು ಬಗ್ಗಿದರು. ಒಂದೊಂದನ್ನೂ ಉಗುರಿನಿಂದ ಸವರಿದರು.

"ತಾನಾಗೇ ಸಡಿಲ ಆಗ್ಬಹುದಾ?"

"ಒಂದು ಆಗ್ಬಹುದು. ನಾಲ್ಕು ಆಗಲ್ಲ."

"ಅಂದ್ರೆ?"

"ಯಾರೋ ಬಿಚ್ಚಿದ್ದಾರೆ."

"ಖಾತ್ರಿನಾ?"

"ಬೋಲ್ಟು ಸುಳ್ಳು ಹೇಳಲ್ಲ."

ತೋರಿಸಿದ ಕಡೆ ಸಹಿ ಹಾಕಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಗೋಡೆಯ ಕಡೆ ನೋಡುತ್ತಾ ಕೇಳಿದರು: "ಕೈ ಹೇಗಿದೆಯಂತೆ?"

"ಆಪರೇಷನ್ ಆಗ್ತಿದೆ."

ಮಾಮ ರಸ್ತೆಗೆ ಇಳಿದರು.

4.30ಕ್ಕೆ ಇನ್ಸ್‌ಪೆಕ್ಟರ್ ದಫೇದಾರರೊಂದಿಗೆ ಅಕ್ಕತಂಗಿಯರ ಮನೆಗೆ ಬಂದರು. ಮೂರನೇ ಮಹಡಿ, ಎರಡು ಕೋಣೆ. ಸೈಕಲ್ ಇಡುತ್ತಿದ್ದುದು ಕೆಳಗೆ, ಮೆಟ್ಟಿಲಡಿಯ ಕತ್ತಲಲ್ಲಿ, ಕಂಬಿಗೆ ಸರಪಳಿ ಬಿಗಿದು. ಶನಿವಾರ ಸಂಜೆ ಐದರಿಂದ ಏಳರವರೆಗೆ ಇಬ್ಬರೂ ಚಪ್ಪಲಿ ಕೊಳ್ಳಲು ಪೇಟೆಗೆ ಹೋಗಿದ್ದರು.

ಅಡುಗೆಮನೆಯ ಗೋಡೆಯ ಮೇಲೆ ಕ್ಲಾಸಿನ ದೊಡ್ಡ ಹಾಳೆ ಅಂಟಿಸಿತ್ತು, ಅಕ್ಕನ ದುಂಡಕ್ಷರದಲ್ಲಿ. 'ಬಣ್ಣ ನೋಡಿ ಕೊಳ್ಳಬೇಡಿ, ಚೌಕಟ್ಟು ನೋಡಿ ಕೊಳ್ಳಿ. ನಿಮ್ಮ ಅಳತೆಯದಲ್ಲದಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಮೊದಲ ಖರ್ಚು ಟೈರಿಗೆ, ಬ್ರೇಕಿಗೆ, ಹೆಲ್ಮೆಟ್ಟಿಗೆ, ದೀಪಕ್ಕೆ. ಮಿರಮಿರ ಮಿಂಚುವ ಬಟ್ಟೆ ಮುಂದಿನ ಜನ್ಮಕ್ಕೆ. ಚೈನಿಗೆ ವಾರಕ್ಕೊಮ್ಮೆ ಹಳೇ ಬನಿಯನ್ ಮತ್ತು ಎಣ್ಣೆ. ಹತ್ತುವ ಮೊದಲು ಹ್ಯಾಂಡಲ್ ಮೇಲೆ ಭಾರ ಹಾಕಿ ಒತ್ತಿ ನೋಡಿ, ಪ್ರತಿ ಸಲ, ಪ್ರತಿ ಸಲ, ಪ್ರತಿ ಸಲ.'

"ಇವತ್ತು ಒತ್ತಿ ನೋಡ್ಲಿಲ್ವಾ?"

"ಫೋನ್ ಬಂತಲ್ಲ ಮೇಡಂ. ಕೂದಲು ಬಾಚ್ಕೊಳ್ಳದೇ ಓಡಿದ್ಲು." ತಂಗಿ ದಫೇದಾರರು ಮೇಜಿನ ಮೇಲಿಟ್ಟ ಪಂಚನಾಮೆಯ ಪ್ರತಿ ಎತ್ತಿಕೊಂಡು ಓದುತ್ತಿದ್ದವಳು ನಿಲ್ಲಿಸಿದಳು. "ಇದು ತಪ್ಪು."

"ಯಾವುದು?"

"ಹಿಂದಿನ ಚಕ್ರ ನೆಟ್ಟಗಿದೆ, ಕಡ್ಡಿ ಪೂರ್ತಿ ಇವೆ ಅಂತ ಬರೆದಿದೀರಲ್ಲ. ಶುಕ್ರವಾರ ಒಂದು ಕಡ್ಡಿ ಮುರಿದು ಚಕ್ರ ಔಟ್ ಹೊಡೀತಿತ್ತು, ಹಾವಿನ ಥರ. ಅಕ್ಕ ಬೇಕಂತಲೇ ಹಾಗೇ ಬಿಟ್ಟಿದ್ಲು. ಭಾನುವಾರ ಕ್ಲಾಸಲ್ಲಿ ಎಲ್ರ ಮುಂದೆ ಸರಿ ಮಾಡಿ ತೋರಿಸ್ಬೇಕು ಅಂತ."

"ಆಮೇಲೆ ತಾನೇ ಸರಿ ಮಾಡ್ಕೊಂಡಿರ್ಬೇಕು."

ಹುಡುಗಿ ಡ್ರಾಯರ್ ಎಳೆದಳು. ಹೊಸ ಕಡ್ಡಿ ಅಂಗಡಿಯ ಪೊಟ್ಟಣದಲ್ಲೇ ಇತ್ತು. ಪೊಟ್ಟಣ ಒಡೆದಿರಲಿಲ್ಲ.

ದಫೇದಾರರು ಹಣೆ ಚಚ್ಚಿಕೊಂಡರು. "ಬೀಳಿಸೋಕೆ ಬಂದೋನು ರಿಪೇರಿ ಮಾಡಿ ಹೋಗಿದ್ದಾನಾ? ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಕಳ್ಳನ್ನ ನೋಡಿಲ್ಲ ಮೇಡಂ. ಮನೆ ದೋಚೋಕೆ ಬಂದು ಕಸ ಗುಡಿಸಿ ಹೋದ ಹಾಗಾಯ್ತು."

ನೆಲಮಹಡಿಯ ಟೈಲರಮ್ಮನನ್ನು ವಿಚಾರಿಸಲಾಯಿತು.

"ನಿನ್ನೆ ಸಂಜೆ ಮೆಟ್ಟಿಲ ಹತ್ರ ಯಾರಾದ್ರೂ ಬಂದಿದ್ರಾ?"

"ನೋಡಿಲ್ಲಮ್ಮ. ಕೇಳಿಸ್ತು."

"ಏನು?"

"ಟಿಂಗ್, ಟಿಂಗ್ ಅಂತ. ತಂತಿ ಶ್ರುತಿ ಮಾಡ್ದಂಗೆ. ಒಂದು ಮೀಟೋದು, ನಿಲ್ಸೋದು, ಮತ್ತೆ ಮೀಟೋದು. ತೋಳು ಕೂರಿಸ್ತಿದ್ದೆ, ಮೆಷಿನ್ ನಿಲ್ಸಿ ಕೇಳ್ದೆ. ಚೆನ್ನಾಗಿತ್ತು."

"ಎದ್ದು ನೋಡ್ಲಿಲ್ವಾ?"

"ಆ ಹುಡುಗಿ ದಿನಾ ಅಲ್ಲಿ ಏನಾದ್ರೂ ಕುಟ್ತಾ ಇರ್ತಾಳೆ. ಅವಳೇ ಅಂದ್ಕೊಂಡೆ. ಆರು ಗಂಟೆ ಆಗಿತ್ತು."

ಸೋಮವಾರ 9.30ಕ್ಕೆ ಕ್ಲಾಸಿಗೆ ಬರುತ್ತಿದ್ದವರಲ್ಲಿ ಚಕ್ರ ಬಿಚ್ಚಲು ಬಲ್ಲ ಮೂವರನ್ನು ಠಾಣೆಗೆ ಕರೆಸಿದರು. ಶನಿವಾರ ಸಂಜೆ ಮೂವರೂ ಬೇರೆ ಬೇರೆ ಕಡೆ ಕೆಲಸದಲ್ಲಿದ್ದರು. ಹಾಜರಿ ಪುಸ್ತಕ ನೋಡಿ ಖಾತ್ರಿ ಮಾಡಿಕೊಂಡದ್ದಾಯಿತು. ಮೂರನೆಯವನು ಬ್ರೆಡ್ ಫ್ಯಾಕ್ಟರಿಯ ನೌಕರ.

"ಚಕ್ರದ ಔಟ್ ತೆಗೆಯೋದು ಹೇಗೆ?"

"ಬ್ರೇಕಿಗೂ ರಿಮ್ಮಿಗೂ ಮಧ್ಯೆ ಜಾಗ ಇರುತ್ತಲ್ಲ ಮೇಡಂ, ಅದನ್ನ ನೋಡ್ಕೊಂಡು ಕಡ್ಡಿ ಬಿಗಿ ಮಾಡೋದು. ಅಕ್ಕ ಹಾಗೇ ಕಲಿಸಿದ್ದು."

"ಕಡ್ಡಿ ಮೀಟಿ, ಸದ್ದು ಕೇಳಿ?"

"ಅದು ನಮ್ಮಂಥೋರ ಕೈಲಿ ಆಗಲ್ಲ. ಕಡ್ಡಿ ಮಾಮ ಮಾಡ್ತಾರೆ. ಮೊದಲು ಅವರೂ ನೋಡ್ಕೊಂಡೇ ಮಾಡ್ತಿದ್ರು. ಈಗೊಂದು ವರ್ಷದಿಂದ ಬರೀ ಕಿವಿ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. "ಕಡ್ಡಿ ಮಾಮನಿಗೂ ಅಕ್ಕನಿಗೂ ಏನಾದ್ರೂ ಮಾತು ಬಂದಿತ್ತಾ?"

"ಜಗಳ ಅಂತಲ್ಲ. ಮೂರು ವಾರದ ಹಿಂದೆ ನಾನೇ ಒಂದು ಸೈಕಲ್ ತಗೊಂಡು ಕ್ಲಾಸಿಗೆ ಹೋಗಿದ್ದೆ. ಮಾಮನ ಹತ್ರ ಕೊಂಡಿದ್ದು. ಅಕ್ಕ ಚೌಕಟ್ಟಿನ ಕತ್ತಿನ ಹತ್ರ ಉಗುರು ಹಾಕಿ ಕೆರೆದ್ಲು. ಬಣ್ಣ ಎದ್ದು ಬಂತು. ಕೆಳಗೆ ಬಿರುಕು, ಮೇಣ ಮೆತ್ತಿ ಮುಚ್ಚಿದ್ದು. 'ನೋಡಿ, ಯಾರ ಹತ್ರ ಕೊಂಡ್ರೂ ಮೊದಲು ಇಲ್ಲಿ ಕೆರೀರಿ, ಕಡ್ಡಿ ಮಾಮನೇ ಆಗ್ಲಿ' ಅಂದ್ಲು. ಎಲ್ರೂ ನಕ್ವಿ. ತಿರುಗಿ ನೋಡಿದ್ರೆ ಮಾಮ ಹಿಂದೆ ನಿಂತಿದ್ರು."

"ಯಾಕೆ ಬಂದಿದ್ರು?"

"ಕ್ಲಾಸಿಗೆ ಬೇಕಾಗುತ್ತೆ ಅಂತ ಹಳೇ ಟ್ಯೂಬುಗಳ ಚೀಲ ತಂದಿದ್ರು. ಅಲ್ಲೇ ಇಟ್ಟು ಹೋದ್ರು."

11.30ಕ್ಕೆ ಮೇಲ್ಸೇತುವೆಯ ಕೆಳಗಿನ ಅಂಗಡಿ. ಮೇಲೆ ವಾಹನಗಳು ಹೋದಾಗಲೆಲ್ಲ ತೂಗುಹಾಕಿದ್ದ ಚಕ್ರಗಳು ಸಣ್ಣಗೆ ನಡುಗುತ್ತಿದ್ದವು. ಪಂಚರ ಸಮಕ್ಷಮ ಅಕ್ಕನ ಸೈಕಲ್ಲಿನ ಹಿಂದಿನ ಚಕ್ರವನ್ನು ಬೆಂಚಿನ ಮೇಲಿಟ್ಟರು. ಎಡಬದಿಯ ಒಂದು ಕಡ್ಡಿ ಉಳಿದವಕ್ಕಿಂತ ಕೂದಲೆಳೆಯಷ್ಟು ದಪ್ಪ. ಅದರ ತುದಿ ಯಂತ್ರದಲ್ಲಿ ಬಗ್ಗಿದ್ದಲ್ಲ, ಇಕ್ಕಳದ ಹಲ್ಲಿನ ಗುರುತಿತ್ತು. ಬೆಂಚಿನ ಡಬ್ಬಿಯಲ್ಲಿ ಅಂಥವೇ ಹದಿನಾಲ್ಕು ಕಡ್ಡಿ. ಇಕ್ಕಳವನ್ನೂ ಡಬ್ಬಿಯನ್ನೂ ಜಪ್ತಿ ಮಾಡಿದರು.

"ಇದು ನಿಮ್ಮ ಕಡ್ಡಿನಾ?"

ಮಾಮ ಚಕ್ರವನ್ನು ಮುಖದ ಹತ್ತಿರ ತಂದು ಹೆಬ್ಬೆರಳಿನಿಂದ ಕಡ್ಡಿಯ ತುದಿ ಸವರಿದರು. "ನಂದೇ."

"ಯಾವಾಗ ಹಾಕಿದ್ರಿ?"

"ಶನಿವಾರ."

"ಬೋಲ್ಟು?"

"ಅದೂ ಶನಿವಾರ. ಮೊದಲು ಬೋಲ್ಟು."

ದಫೇದಾರರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

"ಸಾಯಿಸ್ಬೇಕು ಅಂತಿತ್ತಾ?"

"ಅಯ್ಯೋ, ಇಲ್ಲಮ್ಮ." ಮಾಮನ ದನಿ ಮೊದಲ ಸಲ ಏರಿತು. "ಕ್ಲಾಸ್ ಶುರು ಮಾಡೋದೇ ಹ್ಯಾಂಡಲ್ ಒತ್ತಿ ತೋರಿಸಿ. ನಾನು ಕಲಿಸಿದ್ದು. ಅಂಗಳದಲ್ಲಿ ಒತ್ತುತ್ತಾಳೆ, ಜಾರುತ್ತೆ, ಹನ್ನೊಂದು ಜನ ನಗ್ತಾರೆ. ನನಗೆ ನಕ್ಕಹಾಗೆ. ಅಷ್ಟೇ ಬೇಕಿದ್ದಿದ್ದು. ಒತ್ತದೇ ಹತ್ತೋಳಲ್ಲ ಅವಳು. ಯಾಕೆ ಹತ್ತಿದ್ಲು?"

"ಆಸ್ಪತ್ರೆಯಿಂದ ಫೋನ್ ಬಂತು. ಯಾರಿಗೋ ರಕ್ತ ಬೇಕಿತ್ತು."

ಮಾಮ ಚಕ್ರವನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟರು.

"ಕಡ್ಡಿ ಯಾಕೆ ಹಾಕಿದ್ರಿ?"

"ಮುರಿದಿತ್ತು."

"ಮುರಿದಿದ್ರೆ?"

"ಮುರಿದಿದ್ದು ಕೈಗೆ ಸಿಕ್ಕಿದ ಮೇಲೆ ಹೇಗ್ ಬಿಟ್ಟು ಬರೋದು? ಅಂಗಡಿಗೆ ಬಂದು ಅಳತೆಗೆ ಮಾಡ್ಕೊಂಡು ಮತ್ತೆ ಹೋದೆ. ಹತ್ತು ನಿಮಿಷದ ದಾರಿ."

"ಮತ್ತೆ ಹೋದಾಗ ಬೋಲ್ಟು ಬಿಗಿ ಮಾಡ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು. ಬೋಲ್ಟಿನ ಕೀಲಿ ಕೈಗೆ ತೆಗೆದೆ ಕೂಡ." ಮಾಮ ಚಕ್ರವನ್ನು ಪಕ್ಕಕ್ಕೆ ಸರಿಸಿದರು. "ಆ ನಗು ಕೇಳಿಸ್ತು. ವಾಪಸ್ ಇಟ್ಕೊಂಡೆ."

"ಬಿರುಕಿಗೆ ಮೇಣ ಮೆತ್ತಿ ಮಾರಿದ್ದು ನೀವಲ್ವಾ?"

"ಮೆತ್ತಿದ್ದು ನನಗೆ ಮಾರಿದೋನು. ನನಗೆ ಕಾಣ್ಲಿಲ್ಲ."

"ಕಣ್ಣು ಯಾವಾಗಿಂದ?"

"ಒಂದೂವರೆ ವರ್ಷ. ಹತ್ರ ಇದ್ರೆ ಕಾಣುತ್ತೆ. ಸೈಕಲ್ ರಿಪೇರಿಯೋನಿಗೆ ಕಣ್ಣಿಲ್ಲ ಅಂದ್ರೆ ಯಾರಮ್ಮ ಬರ್ತಾರೆ? ಕಳ್ಳ ಅಂದ್ರೂ ಬರ್ತಾರೆ. ಹಾಗಾಗಿ ಅವತ್ತು ಸುಮ್ಮನೆ ಬಂದೆ."

12.50ಕ್ಕೆ ದಸ್ತಗಿರಿ. ಅಂಗಡಿಗೆ ಬೀಗ ಹಾಕುವಾಗ ಕೀಲಿ ಎರಡು ಸಲ ತಪ್ಪಿತು. ದಫೇದಾರರು ಕೈಯಿಂದ ತೆಗೆದುಕೊಂಡು ತಾವೇ ಹಾಕಿದರು. ಕೇಸು ಡೈರಿಯಲ್ಲಿ ಕಾರಣದ ಜಾಗದಲ್ಲಿ ಇನ್ಸ್‌ಪೆಕ್ಟರ್ 'ಹಳೇ ದ್ವೇಷ' ಎಂದು ಬರೆದು ಹೊಡೆದುಹಾಕಿದರು. 'ಅವಮಾನ' ಎಂದು ಬರೆದರು. ದೃಷ್ಟಿಯ ವಿಷಯಕ್ಕೆ ಆ ಕಾಲಮಿನಲ್ಲಿ ಜಾಗವಿರಲಿಲ್ಲ.

ಸಂಜೆ 5.00ಕ್ಕೆ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋದರು. ಅಕ್ಕ ದಿಂಬಿಗೊರಗಿ ಕೂತಿದ್ದಳು. ಬ್ಯಾಂಡೇಜಿನ ತುದಿಯಲ್ಲಿ ಐದು ಬೆರಳು ಕಾಣುತ್ತಿದ್ದವು. ಡಾಕ್ಟರು ಮಧ್ಯಾಹ್ನವೇ ಸೂಜಿ ಚುಚ್ಚಿ ನೋಡಿದ್ದರು. ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶ ತಿಳಿಯುತ್ತಿರಲಿಲ್ಲ. ಮುಂದೆ ತಿಳಿಯಬಹುದೆಂಬ ಭರವಸೆಯನ್ನೂ ಅವರು ಕೊಟ್ಟಿರಲಿಲ್ಲ.

"ರಕ್ತನಾಳ ಹುಡುಕೋದು ಈ ಎರಡರಲ್ಲೇ" ಎಂದಳು, ಬೇರೆ ಯಾರದೋ ವರದಿ ಓದುವವಳ ಹಾಗೆ.

ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದರು. ತಂಗಿ ಮಧ್ಯದಲ್ಲೇ ಎದ್ದು ಕಿಟಕಿಯ ಹತ್ತಿರ ಹೋದಳು.

"ಕಣ್ಣಿನ ವಿಷಯ ನಿಮಗೆ ಗೊತ್ತಿತ್ತಾ?"

"ಗೊತ್ತಿದ್ರೆ ಎಲ್ರ ಮುಂದೆ ಅವರ ಹೆಸರು ಎತ್ತುತ್ತಿದ್ನಾ?" ಅಕ್ಕನ ಗಲ್ಲದ ಹೊಲಿಗೆ ಎಳೆಯಿತು. "ಜನ ನಗಲಿ ಅಂತಲೇ ಅಂದಿದ್ದು ಮೇಡಂ. ನಕ್ರು. ನನಗೆ ಖುಷಿಯಾಯ್ತು. ಅದನ್ನೂ ಬರ್ಕೊಳ್ಳಿ."

ದಫೇದಾರರು ಇನ್ಸ್‌ಪೆಕ್ಟರ್ ಮುಖ ನೋಡಿದರು. ಇನ್ಸ್‌ಪೆಕ್ಟರ್ ಹೂಂ ಎಂದು ತಲೆಯಾಡಿಸಿದ ಮೇಲೆ ಬರೆದುಕೊಂಡರು.

"ನಾಳೆ ಅವರನ್ನ ಕೋರ್ಟಿಗೆ ಎಷ್ಟೊತ್ತಿಗೆ ಕರ್ಕೊಂಡ್ ಹೋಗ್ತೀರಾ?"

"ಹನ್ನೊಂದಕ್ಕೆ."

"ನನ್ನ ಒಂಬತ್ತಕ್ಕೆ ಮನೆಗೆ ಬಿಡ್ತಾರೆ. ಕೋರ್ಟಿಗೆ ಮೊದಲು ಅವರನ್ನ ನೋಡ್ಬೇಕು ನಾನು."

"ಆ ಮುದುಕನ ಮುಖ ಯಾಕೆ ನೋಡ್ತೀಯೇ!" ತಂಗಿ ಕಿಟಕಿಯಿಂದ ಸಿಡಿದಳು. "ಕ್ಷಮಿಸ್ತೀಯಾ?"

"ಇಲ್ಲ." ಅಕ್ಕ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಹತ್ರ ಇದ್ರೆ ಕಾಣುತ್ತೆ ಅಂದ್ರಲ್ಲ?"

"ಅಂದ್ರು."

"ಎಷ್ಟು ಹತ್ರ?"

"ಒಂದು ಗೇಣು."

ಅಕ್ಕ ಕಟ್ಟು ಹಾಕಿದ ಬಲಗೈಯನ್ನು ಎಡಗೈಯಿಂದ ಎತ್ತಿ ತನ್ನ ಮುಖದ ಮುಂದೆ ಹಿಡಿದು ಅಳತೆ ನೋಡಿದಳು.

"ಹತ್ತು ಗಂಟೆಗೆ ಸ್ಟೇಷನ್‌ಗೆ ಬರ್ತೀನಿ ಮೇಡಂ. ಅವರನ್ನ ಬೆಳಕಿರೋ ಕಡೆ ಕೂರಿಸಿರಿ."